ತಗಡಿನ ಮುಖ, ಫೆಲ್ಟ್ ಕೋಟು, ಕೀ ಕೊಡುವ ಚಾಪ್ಲಿನ್: ಯಾರ ತಯಾರಿಕೆ, ಯಾವ ಕಾಲದ್ದು?

ಹಳೇಡಬ್ಬಿ
ಎಲ್ಲರಿಗೂ ನಮಸ್ಕಾರ. ಒಂದು ಕೀ ಕೊಡುವ ಬೊಂಬೆಯ ಗುರುತು ಹಚ್ಚಬೇಕಿದೆ. ಚಾರ್ಲಿ ಚಾಪ್ಲಿನ್ ಅನ್ನುವುದರಲ್ಲಿ ಅನುಮಾನವಿಲ್ಲ. ಟೋಪಿಯ ತುದಿಯವರೆಗೆ 16.5 ಸೆಂ.ಮೀ. ಎತ್ತರ. ಮುಖ, ಟೋಪಿ, ಬೂಟು ತಗಡು. ಕೋಟು ಕಪ್ಪು ಫೆಲ್ಟ್ (ನೇಯದೆ ನಾರು ಒತ್ತಿ ಮಾಡಿದ ಬಟ್ಟೆ), ಪ್ಯಾಂಟು ಬೂದು ಬಟ್ಟೆ. ಬೆನ್ನಿನಲ್ಲಿ ಕೀ ಹಾಕುವ ಚೌಕ ಕಡ್ಡಿ ಇದೆ. ಬಲಗೈಯಲ್ಲಿ ಒಂದು ಕೋಲು. ಕೀ ಕೊಟ್ಟರೆ ಬೊಂಬೆ ಗಡಗಡ ನಡುಗಿ, ಕೈ ಎರಡು ಸುತ್ತು ತಿರುಗಿ ನಿಲ್ಲುತ್ತದೆ. ಮೈಮೇಲೆ ಎಲ್ಲೂ ಅಕ್ಷರವಿಲ್ಲ, ಕೀಯ ಮೇಲೆ ಮಾತ್ರ 'ಶೂಕೊ' ಎಂದಿದೆ. ಅಲ್ಲಿಗೆ ಶೂಕೊ ಎಂದೇ ತೀರ್ಮಾನಿಸಬಹುದೇ?

ತಗಡುಮೇಷ್ಟ್ರು
ಕೀ ನೋಡಿ ಬೊಂಬೆಗೆ ಹೆಸರಿಡಬೇಡಿ. ಕೀ ಕಳೆದುಹೋಗುವ ವಸ್ತು, ಅಳತೆ ಕೂಡಿದರೆ ಯಾವುದೋ ಕಾರಿನ ಕೀ ಯಾವುದೋ ಕೋಡಂಗಿಗೆ ಕೂರುತ್ತದೆ. ಮೊದಲು ಕೀ ಚೌಕ ಕಡ್ಡಿಯ ಮೇಲೆ ಅಲುಗಾಡದೆ ಕೂರುತ್ತದೆಯೇ ನೋಡಿ. ಸಡಿಲವಿದ್ದರೆ ಅದು ಬೇರೆ ಆಟಿಕೆಯದು, ಜೊತೆಗೆ ಕಡ್ಡಿಯ ಮೂಲೆಗಳನ್ನೂ ಸವೆಸುತ್ತದೆ.

ಆದರೆ ನಿಮ್ಮ ಊಹೆ ದಾರಿ ತಪ್ಪಿಲ್ಲ. ಶೂಕೊ ಜರ್ಮನಿಯ ನ್ಯೂರೆಂಬರ್ಗ್‌ನ ಕಂಪನಿ, 1912ರಲ್ಲಿ ಶುರುವಾದದ್ದು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ತಗಡಿನ ಮುಖಕ್ಕೆ ಫೆಲ್ಟ್ ಬಟ್ಟೆ ತೊಡಿಸಿದ ಕೀ ಬೊಂಬೆಗಳೇ ಅವರ ಹೆಗ್ಗುರುತು: ಪಿಟೀಲು ಬಾರಿಸುವ ಕೋಡಂಗಿ, ಡೋಲು ಹೊಡೆಯುವ ಕೋತಿ ಇತ್ಯಾದಿ. ಕೋಲು ತಿರುಗಿಸುವ ಚಾಪ್ಲಿನ್ ಅದೇ ಬಳಗದ್ದು, ಎತ್ತರ ಸುಮಾರು ಆರೂವರೆ ಇಂಚು. ನೀವು ಕೊಟ್ಟ ಅಳತೆ ಅದಕ್ಕೆ ಕೂಡುತ್ತದೆ. ಅಳತೆ ಕೂಡಿದ್ದು ಮೊದಲ ಮೆಟ್ಟಿಲು, ಅಷ್ಟೇ.

ಈ ಫೋಟೋಗಳನ್ನು ಹಾಕಿ:
ಬೂಟಿನ ತಳ, ನೇರವಾಗಿ ಮೇಲಿನಿಂದ.
ಕೋಟು ಎತ್ತಿ ಬೆನ್ನಿನ ಕೀ ಕಡ್ಡಿಯ ಸುತ್ತಲಿನ ಲೋಹ.
ಕುತ್ತಿಗೆ ತಲೆಗೆ ಸೇರುವ ಜಾಗ.
ಕೋಟಿನ ಒಳಗಿನ ಹೊಲಿಗೆ.
ಕೋಲು ಹಿಡಿದ ಅಂಗೈ.
ಮುಖದ ಫೋಟೋ ಕೊನೆಗಿರಲಿ, ಎಲ್ಲರೂ ಅದನ್ನೇ ಹತ್ತು ಹಾಕುತ್ತಾರೆ.

ಮೂಕಿಚಿತ್ರ
ವೇಷ ನೋಡಿ ಕಾಲ ಹೇಳುವವರಿಗೆ ಒಂದು ಎಚ್ಚರಿಕೆ. ಬೌಲರ್ ಟೋಪಿ, ಬಿಗಿ ಕೋಟು, ದೊಗಳೆ ಪ್ಯಾಂಟು, ದೊಡ್ಡ ಬೂಟು, ಬೆತ್ತ — ಚಾಪ್ಲಿನ್‌ನ ಈ ಅಲೆಮಾರಿ ಪಾತ್ರ ತೆರೆಗೆ ಬಂದದ್ದು 1914ರಲ್ಲಿ. 1936ರವರೆಗೂ ವೇಷ ಹೆಚ್ಚು ಕಡಿಮೆ ಅದೇ. ಆಮೇಲೂ ಆಟಿಕೆ ಮಾಡುವವರು ಅದನ್ನು ಬಿಡಲಿಲ್ಲ. ಹಾಗಾಗಿ ವೇಷದಿಂದ ವ್ಯಕ್ತಿ ಸಿಗುತ್ತಾನೆ, ವರ್ಷ ಸಿಗುವುದಿಲ್ಲ.

ಚಾಪ್ಲಿನ್ ವಸ್ತುಗಳು ಅಲೆ ಅಲೆಯಾಗಿ ಬಂದಿವೆ. 1915ರ ಸುಮಾರಿಗೆ ಮೊದಲನೆಯದು. ಅಮೆರಿಕದ ಲೂಯಿ ಆಂಬರ್ಗ್ ಅಂಡ್ ಸನ್ ಆಗ ಮಾಡಿದ ಬೊಂಬೆಗೆ ಮರದ ಪುಡಿ ಮತ್ತು ಅಂಟು ಕಲಸಿ ಅಚ್ಚು ಹಾಕಿದ ತಲೆ, ಬಟ್ಟೆಯ ಮೈ. 1972ರಲ್ಲಿ ಚಾಪ್ಲಿನ್‌ಗೆ ಗೌರವ ಆಸ್ಕರ್ ಸಿಕ್ಕ ಹೊತ್ತಿಗೆ ಇನ್ನೊಂದು ಅಲೆ. ಅವುಗಳ ಮೇಲೆ 'ಬಬಲ್ಸ್ ಇಂಕ್' ಎಂಬ ಹಕ್ಕುಸ್ವಾಮ್ಯದ ಸಾಲು ಹುಡುಕಿ, ಅದು ಚಾಪ್ಲಿನ್ ರೂಪದ ಹಕ್ಕು ನೋಡಿಕೊಳ್ಳುವ ಸಂಸ್ಥೆ. 1989 ಹುಟ್ಟಿದ ನೂರನೇ ವರ್ಷ, ಆಗಲೂ ಒಂದಷ್ಟು ಬಂದವು. ನಿಮ್ಮದರಲ್ಲಿ ಅಂಥ ಸಾಲು ಎಲ್ಲೂ ಇಲ್ಲದಿರುವುದು ಹಳೆಯದು ಎನ್ನುವ ಕಡೆಗೆ ಸ್ವಲ್ಪ ವಾಲುತ್ತದೆ. ಸ್ವಲ್ಪವೇ. ನಕಲು ಮಾಡುವವನೂ ಆ ಸಾಲು ಹಾಕುವುದಿಲ್ಲ.

ಅರ್ಧಜೋಡಿ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೌಲರ್ ಟೋಪಿ, ತುಂಡು ಮೀಸೆಯ ಟೊಳ್ಳು ವಿನೈಲ್ ಬೊಂಬೆಯೊಂದಿದೆ, ಬೆನ್ನಲ್ಲಿ ಕಾಸು ಹಾಕುವ ಸೀಳು. ಪಟ್ಟಿಯಲ್ಲಿ ಚಾಪ್ಲಿನ್ ಎಂದು ಬರೆದಿದೆ. ಕೆನ್ನೆ ತುಂಬ ಊದಿಕೊಂಡಿದೆ, ಕೋಲು ಇಲ್ಲ.

ಮೂಕಿಚಿತ್ರ
@ಅರ್ಧಜೋಡಿ ಅದು ಆಲಿವರ್ ಹಾರ್ಡಿ. ಟೋಪಿ ಮತ್ತು ಮೀಸೆ ನೋಡಿ ಚಾಪ್ಲಿನ್ ಎಂದುಬಿಡುವುದು ಬಲು ಸಾಮಾನ್ಯ ತಪ್ಪು. ಕೊರಳು ನೋಡಿ: ಹಾರ್ಡಿಗೆ ಉದ್ದನೆಯ ಟೈ, ಅವನ ಜೊತೆಗಾರ ಸ್ಟ್ಯಾನ್ ಲಾರೆಲ್‌ಗೆ ಬೋ ಟೈ, ಮೀಸೆಯೂ ಇಲ್ಲ. ಚಪ್ಪಟೆ ಟೋಪಿ, ನಗದ ಮುಖ ಇದ್ದರೆ ಬಸ್ಟರ್ ಕೀಟನ್. ದುಂಡು ಕನ್ನಡಕ, ಹುಲ್ಲಿನ ಟೋಪಿ ಇದ್ದರೆ ಹೆರಾಲ್ಡ್ ಲಾಯ್ಡ್. ಬಳಿದ ದಪ್ಪ ಮೀಸೆ, ಹುಬ್ಬು, ಚುಟ್ಟಾ ಇದ್ದರೆ ಗ್ರೌಚೊ ಮಾರ್ಕ್ಸ್.

ತಳದಲ್ಲಿ ಅಥವಾ ಕತ್ತಿನ ಹಿಂದೆ 'ಲ್ಯಾರಿ ಹಾರ್ಮನ್ ಪಿಕ್ಚರ್ಸ್' ಎಂದಿದೆಯೇ ನೋಡಿ. ಲಾರೆಲ್ ಮತ್ತು ಹಾರ್ಡಿ ರೂಪದ ಹಕ್ಕು ಅವರಲ್ಲಿತ್ತು, 1960-70ರ ದಶಕಗಳ ಅಮೆರಿಕದ ವಸ್ತುಗಳಲ್ಲಿ ಆ ಹೆಸರು ಎದ್ದು ಕಾಣುತ್ತದೆ. ಜೊತೆಗೆ ಇಸವಿ ಇದ್ದರೆ ಅದು ಹಕ್ಕು ದಾಖಲಾದ ವರ್ಷ. ಅಚ್ಚಿನಿಂದ ಬೊಂಬೆ ಹೊರಬಂದ ವರ್ಷ ಅದಕ್ಕಿಂತ ಎಷ್ಟೋ ಈಚಿನದಿರಬಹುದು.

ಅರ್ಧಜೋಡಿ
ಲ್ಯಾರಿ ಹಾರ್ಮನ್ ಹೆಸರಿದೆ! ಮೈ ಅಂಟಂಟು ಆಗಿದೆ, ಥಿನ್ನರ್‌ನಲ್ಲಿ ಒರೆಸಬಹುದೇ?

ತಗಡುಮೇಷ್ಟ್ರು
ಬೇಡವೇ ಬೇಡ. ಥಿನ್ನರ್, ಅಸಿಟೋನ್ ಎರಡೂ ಬಣ್ಣದ ಜೊತೆಗೆ ವಿನೈಲನ್ನೇ ಕರಗಿಸುತ್ತವೆ. ಅಂಟು ಹೊರಗಿನ ಕೊಳೆಯಲ್ಲ. ವಿನೈಲ್ ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂಥ ವಸ್ತು ಒಳಗಿನಿಂದ ಒಸರಿ ಬಂದಿದೆ. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ, ಒರೆಸಿ ಕೂಡಲೇ ಒಣಗಿಸಿ. ಕಾಸಿನ ಸೀಳಿನಿಂದ ನೀರು ಒಳಗೆ ಹೋಗದಿರಲಿ. ಕೆಲವು ತಿಂಗಳಲ್ಲಿ ಮತ್ತೆ ಅಂಟಾಗುತ್ತದೆ, ಮತ್ತೆ ಒರೆಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಬೇಡಿ, ಬಿಸಿಲಿಗೂ ಇಡಬೇಡಿ. ಉಳಿದದ್ದಕ್ಕೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಚಾಪ್ಲಿನ್ ಕಳೆದುಹೋಗುತ್ತಾನೆ.

ಹಳೇಡಬ್ಬಿ
ಫೋಟೋ ಹಾಕಿದ್ದೇನೆ. ಬೂಟಿನ ತಳ ಖಾಲಿ. ಬೆನ್ನಿನ ಲೋಹದಲ್ಲಿ ಏನೋ ಗೀಚಿದಂತಿದೆ, ಓದಲಾಗುತ್ತಿಲ್ಲ. ಕೀ ಕಡ್ಡಿಗೆ ಬಿಗಿಯಾಗಿ ಕೂರುತ್ತದೆ. ಮೈಯಲ್ಲಿ ಎಲ್ಲೂ ಸ್ಕ್ರೂ ಇಲ್ಲ, ತಗಡಿನ ತುದಿ ಮಡಚಿ ಕೂರಿಸಿದ್ದಾರೆ.

ತಗಡುಮೇಷ್ಟ್ರು
ಮಡಚು ಜೋಡಣೆ ಒಳ್ಳೆಯ ಲಕ್ಷಣ. ಒಂದು ಕಡೆಯ ತಗಡಿನಲ್ಲಿ ನಾಲಿಗೆ, ಇನ್ನೊಂದು ಕಡೆ ಸೀಳು, ತೂರಿಸಿ ಮಡಚುವುದು, ಆ ಕಾಲದ ರೂಢಿ ಅದೇ. ನಾಲಿಗೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಒಮ್ಮೆ ಮಾತ್ರ ಮಡಚಿದ್ದರೆ ಮಡಿಕೆ ನುಣುಪಾಗಿರುತ್ತದೆ. ಬಿಚ್ಚಿ ಮತ್ತೆ ಮಡಚಿದ್ದರೆ ಮಡಿಕೆಯ ಗೆರೆಯಲ್ಲಿ ಬಣ್ಣ ಚಕ್ಕೆ ಎದ್ದು ಬಿಳಿಚಿದ ಲೋಹ ಕಾಣುತ್ತದೆ, ಎರಡನೇ ಸಲಕ್ಕೆ ಸಣ್ಣ ಬಿರುಕೂ ಬಿಡುತ್ತದೆ. ನಕ್ಷತ್ರ ತಲೆಯ ಸ್ಕ್ರೂ ಇದ್ದಿದ್ದರೆ ಮಾತು ಬೇರೆ, ಅದು ಬಳಕೆಗೆ ಬಂದದ್ದೇ 1930ರ ದಶಕದ ನಡುವಿನಲ್ಲಿ.

ಬೆನ್ನಿನ ಗೀಚು ಓದಲು ದೀಪ ಎದುರಿನಿಂದ ಬೇಡ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಲೋಹಕ್ಕೆ ಒರಗಿದಂತೆ ಅಡ್ಡಲಾಗಿ ಹಿಡಿದು ಸುತ್ತ ತಿರುಗಿಸುತ್ತಾ ಹೋಗಿ. ಯಾವುದೋ ಒಂದು ಕೋನದಲ್ಲಿ ಅಕ್ಷರದ ನೆರಳು ಬೀಳುತ್ತದೆ. ಆಗದಿದ್ದರೆ ತೆಳ್ಳನೆ ಕಾಗದ ಇಟ್ಟು ಮೆತ್ತನೆ ಪೆನ್ಸಿಲನ್ನು ಹಗುರಕ್ಕೆ ಉಜ್ಜಿ. ಬಣ್ಣವಿರುವ ಜಾಗದಲ್ಲಿ ಉಜ್ಜಬೇಡಿ. ತುಕ್ಕು ತೆಗೆದು ಓದೋಣ ಎನ್ನುವ ಆಸೆ ಬಂದರೆ ಕೈ ಕಟ್ಟಿಕೊಳ್ಳಿ, ತುಕ್ಕಿನ ಜೊತೆ ಅಕ್ಷರವೂ ಹೋಗುತ್ತದೆ.

ಅಕ್ಷರ ಕಂಡರೆ ಓದುವುದು ಹೀಗೆ. 'ಡಿ.ಆರ್.ಪಿ.', 'ಡಿ.ಆರ್.ಜಿ.ಎಂ.' ಎರಡೂ ಆಗಿನ ಜರ್ಮನ್ ರಾಷ್ಟ್ರದ ('ರೈಖ್') ಪೇಟೆಂಟ್ ಮತ್ತು ವಿನ್ಯಾಸ ನೋಂದಣಿಯ ಗುರುತು, ಎರಡನೇ ಮಹಾಯುದ್ಧದ ಕೊನೆಗೆ ನಿಂತವು. ಬರೀ 'ಜರ್ಮನಿ' ಎಂದಿದ್ದರೆ ಯುದ್ಧಕ್ಕೆ ಮುಂಚಿನದಾಗುವ ಸಾಧ್ಯತೆ ಹೆಚ್ಚು. 'ಯು.ಎಸ್. ಝೋನ್ ಜರ್ಮನಿ' ಎಂದಿದ್ದರೆ 1945ರ ನಂತರದ ಕೆಲವೇ ವರ್ಷ, ನ್ಯೂರೆಂಬರ್ಗ್ ಅಮೆರಿಕದ ವಶದಲ್ಲಿತ್ತಲ್ಲ. 'ವೆಸ್ಟರ್ನ್ ಜರ್ಮನಿ' 1949ರಿಂದ ಈಚೆಗೆ. ಯುರೋಪಿನ ಈಚಿನ ಸುರಕ್ಷತೆಯ ಸಿ.ಇ. ಗುರುತು, ಬಾರ್‌ಕೋಡ್ ಕಂಡರೆ ಚರ್ಚೆ ಮುಗಿಸಿ ಮಲಗಬಹುದು.

ಕೀಲುಬೊಂಬೆ
ತಯಾರಕರ ಹೆಸರಿಗಿಂತ ಮುಂಚೆ ಯಂತ್ರದ ಜಾತಿ ಗೊತ್ತಾಗಲಿ. ಕೀ ಕೊಟ್ಟಾಗ ಕಾಲು ಒಂದಾದ ಮೇಲೊಂದು ಮುಂದೆ ಬರುತ್ತದೆಯೇ? ಅಥವಾ ಕಾಲು ಆಡದೆ ಇಡೀ ಮೈ ನಡುಗುತ್ತಾ ಮೇಜಿನ ಮೇಲೆ ಜಾರುತ್ತದೆಯೇ? ಎರಡನೆಯದಾದರೆ ಶೂಕೊ ಬಳಗ: ಒಳಗಿನ ಮೋಟಾರಿನ ನಡುಕವೇ ಬೊಂಬೆಯನ್ನು ಸುತ್ತಾಡಿಸುತ್ತದೆ, ಅದೇ ಮೋಟಾರು ಕೈಯನ್ನೂ ತಿರುಗಿಸುತ್ತದೆ. ಮೊದಲನೆಯದಾದರೆ ಎರಕದ ಭಾರದ ಬೂಟಿನ, ಪೂರ್ತಿ ತಗಡಿನ ಮೈಯ ನಡೆಯುವ ಚಾಪ್ಲಿನ್. ಅದು ಬೇರೆ ವಂಶ, ಸಾಮಾನ್ಯವಾಗಿ ಎತ್ತರವೂ ಹೆಚ್ಚು, ಬಟ್ಟೆ ಇರುವುದಿಲ್ಲ. ಅದಕ್ಕೆ ಯಾರೋ ಬಟ್ಟೆ ಹೊಲಿದು ತೊಡಿಸಿದ್ದರೆ ಕೋಟಿನ ಕೆಳಗೆ ಅಚ್ಚಾದ ಗುಂಡಿ, ಜೇಬು ಸಿಗುತ್ತವೆ.

ಹಳೇಡಬ್ಬಿ
ಕಾಲು ಆಡುವುದಿಲ್ಲ, ಮೈ ನಡುಗುತ್ತದೆ. ಕೋಟಿನ ಕೆಳಗೆ ಬಣ್ಣವಿಲ್ಲದ ಬರೀ ಲೋಹ. ಟಾರ್ಚ್ ಅಡ್ಡ ಹಿಡಿದಾಗ 'GERMANY' ಪದದ ಕೊನೆಯ ಭಾಗ ಇರಬೇಕು ಅನ್ನಿಸಿತು. ಅದರ ಹಿಂದೆ ಮುಂದೆ ಬೇರೇನೂ ಕಾಣಲಿಲ್ಲ.

ನೂಲಿನುಂಡೆ
ಬಟ್ಟೆಯ ವಿಷಯಕ್ಕೆ ಬರೋಣ. ಕೋಟಿನ ಫೋಟೋ ನನಗೆ ಸರಿ ಕಾಣುತ್ತಿಲ್ಲ. ಪ್ಯಾಂಟಿನ ಬೂದು ಎಷ್ಟು ಮಾಸಿದೆ ನೋಡಿ, ಮಡಿಕೆಯ ಒಳಗೆ ಗಾಢ, ಹೊರಗೆ ತೆಳು. ಕೋಟು ಮಾತ್ರ ಒಳಗೂ ಹೊರಗೂ ಒಂದೇ ಕಪ್ಪು. ಪ್ಯಾಂಟಿನಲ್ಲಿ ನುಸಿ ತಿಂದ ಎರಡು ತೂತಿವೆ, ಕೋಟಿಗೆ ಒಂದೂ ಇಲ್ಲ. ನುಸಿ ಉಣ್ಣೆಯನ್ನು ಬಿಡುವ ಪ್ರಾಣಿಯಲ್ಲ.

ಎರಡು ಪರೀಕ್ಷೆ. ಯುವಿ ಟಾರ್ಚ್ 365 ನ್ಯಾನೋಮೀಟರಿನದು ಬೇಕು. 395ರದ್ದು ಅಗ್ಗ, ಆದರೆ ನೇರಳೆ ಬೆಳಕು ಚೆಲ್ಲಿ ಎಲ್ಲವೂ ಹೊಳೆದಂತೆ ತೋರಿಸುತ್ತದೆ. ಕತ್ತಲಲ್ಲಿ ಹೊಲಿಗೆಯ ದಾರ, ಅಂಗಿಯ ಬಿಳಿ ಪಟ್ಟಿ ನೋಡಿ. ನೀಲಿಬಿಳಿ ಹೊಳಪು ಬಂದರೆ ಬೆಳ್ಳಗಾಗಿಸುವ ರಾಸಾಯನಿಕ ಇದೆ ಎಂದರ್ಥ, ಅದು ದಾರ ಮತ್ತು ಬಟ್ಟೆಯಲ್ಲಿ ವ್ಯಾಪಕವಾದದ್ದು 1950ರ ನಂತರ.

ಸ್ಪ್ರಿಂಗ್‌ಬಾಕ್ಸ್
ಹೊಳೆದರೆ ಹೊಸದು ಎನ್ನುವುದು ಅರ್ಧ ಸತ್ಯ. ಹಳೇ ಬಟ್ಟೆಯನ್ನು ಯಾರಾದರೂ ಒಮ್ಮೆ ಡಿಟರ್ಜೆಂಟ್‌ನಲ್ಲಿ ಅದ್ದಿ ತೆಗೆದಿದ್ದರೂ ಹೊಳೆಯುತ್ತದೆ, ಪುಡಿಯಲ್ಲೇ ಆ ರಾಸಾಯನಿಕ ಇರುತ್ತದೆ.

ನೂಲಿನುಂಡೆ
ಒಪ್ಪಿದೆ. ಅದಕ್ಕೇ ಎರಡನೇ ಪರೀಕ್ಷೆ. ಕೋಟಿನ ಒಳಗೆ ಬಿಟ್ಟುಕೊಂಡಿರುವ ದಾರದ ತುದಿ ಅರ್ಧ ಸೆಂ.ಮೀ. ಕತ್ತರಿಸಿ. ಬೊಂಬೆಯನ್ನು ಬೇರೆ ಕೋಣೆಯಲ್ಲಿಡಿ. ಚಿಮುಟದಲ್ಲಿ ದಾರ ಹಿಡಿದು ಬೆಂಕಿಯ ಪಕ್ಕಕ್ಕೆ ತನ್ನಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಕರಿಪುಡಿ. ಪಾಲಿಯೆಸ್ಟರ್ ಆದರೆ ಕುಗ್ಗಿ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ದಾರ ಯುದ್ಧಕ್ಕೆ ಮುಂಚಿನ ಬೊಂಬೆಯಲ್ಲಿ ಇರಲು ಸಾಧ್ಯವಿಲ್ಲ. ತೊಳೆದದ್ದರಿಂದ ಹತ್ತಿ ಪಾಲಿಯೆಸ್ಟರ್ ಆಗುವುದೂ ಇಲ್ಲ.

ಬೊಂಬೆಯನ್ನು ದೂರವಿಡಿ ಎಂದದ್ದನ್ನು ಉಪಚಾರದ ಮಾತು ಎಂದುಕೊಳ್ಳಬೇಡಿ. ಹಳೇ ಬೊಂಬೆಗಳಲ್ಲಿ ಕಾಲರ್, ಗುಂಡಿ ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ ಆಗಿರಬಹುದು, ಕಿಡಿ ತಾಗಿದರೆ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಬಿಸಿ ಸೂಜಿ ಚುಚ್ಚಿ ನೋಡುವ ಪರೀಕ್ಷೆಯಂತೂ ಬೇಡ. ಅನುಮಾನವಿದ್ದರೆ ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್.

ಹಳೇಡಬ್ಬಿ
ಪ್ಯಾಂಟಿನ ದಾರ: ಹೊಳೆಯಲಿಲ್ಲ, ಕಾಗದದ ವಾಸನೆ, ಬೂದಿ. ಕೋಟಿನ ದಾರ: ಚೆನ್ನಾಗಿ ಹೊಳೆಯಿತು, ಸುಟ್ಟಾಗ ಮಣಿ ಆಯಿತು. ಕೋಟಿನ ಬಟ್ಟೆಯ ಎಳೆಯೂ ಕರಗಿತು.

ನೂಲಿನುಂಡೆ
ಹಾಗಾದರೆ ಕೋಟು ಆಮೇಲೆ ಹೊಲಿದದ್ದು. ಬಟ್ಟೆಯೇ ಕರಗಿದೆ ಎಂದರೆ ಉಣ್ಣೆಯ ಫೆಲ್ಟ್ ಅಲ್ಲ, ಕೃತಕ ನಾರಿನ ಕರಕುಶಲ ಫೆಲ್ಟ್. ಪ್ಯಾಂಟು ಮೂಲದ್ದೇ ಇರಬೇಕು. ಹರಿದ ಕೋಟನ್ನು ತೆಗೆಯುವಾಗ ಪ್ಯಾಂಟನ್ನು ಬಿಟ್ಟಿದ್ದಾರೆ, ಪುಣ್ಯ. ಕೋಟಿನ ಒಳಗೆ, ತೋಳಿನ ಸಂದಿಯಲ್ಲಿ ಹಳೇ ಕಪ್ಪು ಉಣ್ಣೆಯ ಚೂರು ಸಿಕ್ಕಿಕೊಂಡಿದ್ದರೆ ಎಸೆಯಬೇಡಿ, ಸಣ್ಣ ಕಾಗದದ ಪೊಟ್ಟಣದಲ್ಲಿ ಬೊಂಬೆಯ ಜೊತೆಗಿಡಿ. ಮೂಲ ಬಣ್ಣಕ್ಕೆ ಅದೊಂದೇ ಸಾಕ್ಷಿ.

ತಗಡುಮೇಷ್ಟ್ರು
ಯುವಿ ಟಾರ್ಚ್ ಕೈಯಲ್ಲಿರುವಾಗಲೇ ಮುಖದ ಮೇಲೂ ಹಾಯಿಸಿ. ಮೂಲ ಬಣ್ಣ ಎಲ್ಲ ಕಡೆ ಒಂದೇ ಥರ ಕಾಣಬೇಕು. ಮೀಸೆ ಅಥವಾ ಹುಬ್ಬು ಮಾತ್ರ ಬೇರೆ ಛಾಯೆಯಲ್ಲಿ ತೇಲಿ ನಿಂತರೆ ತಿದ್ದಿದ್ದಾರೆ. ಆಮೇಲೆ 10 ಪಟ್ಟು ಹಿಗ್ಗಿಸುವ ಗಾಜಿನಲ್ಲಿ ನೋಡಿ. ಹಳೇ ಗೀರಿನ ಒಳಗೆ ಬಣ್ಣ ಇಳಿದಿದ್ದರೆ ಅದು ಗೀರು ಬಿದ್ದ ಮೇಲೆ ಹಚ್ಚಿದ್ದು. ತುಕ್ಕಿನ ಮೇಲೆ ಬಣ್ಣ ಕೂತಿದ್ದರೂ ಹಾಗೆಯೇ. ಕೆನ್ನೆಯ ಕೆಂಪು ನಾಲ್ಕು ಬಣ್ಣದ ಚುಕ್ಕಿಗಳ ಸಾಲಾಗಿ ಒಡೆದು ಕಂಡರೆ ಈಚಿನ ಮುದ್ರಣದ ಮರುತಯಾರಿಕೆ ಎಂದು ಶಂಕಿಸಿ.

ಹಳೇಡಬ್ಬಿ
ಚುಕ್ಕಿ ಇಲ್ಲ. ಮುಖವೆಲ್ಲ ಒಂದೇ ಛಾಯೆ. ಟೋಪಿಯ ಅಂಚಿನಲ್ಲಿ ಒಂದು ಕಡೆ ಮಾತ್ರ ಕಪ್ಪು ಬೇರೆಯಾಗಿ ಕಂಡಿತು. ಈಗ ಕೈ ನಿಂತುಹೋಗುವ ವಿಷಯ?

ಸ್ಪ್ರಿಂಗ್‌ಬಾಕ್ಸ್
ನಾನು ಕಾಯುತ್ತಿದ್ದ ಪ್ರಶ್ನೆ. ಇನ್ನು ಮುಂದೆ ಪೂರ್ತಿ ಕೀ ಕೊಡಬೇಡಿ, ಎರಡು ಸಲ ಅರ್ಧರ್ಧ ಸುತ್ತು ಸಾಕು. 'ಜಾಸ್ತಿ ಕೀ ಕೊಟ್ಟು ಸ್ಪ್ರಿಂಗ್ ಹಾಳಾಯಿತು' ಎನ್ನುವ ಮಾತಿನ ಹಿಂದೆ ಹೆಚ್ಚಿನ ಸಲ ಇರುವುದು ಒಣಗಿ ಅಂಟಾದ ಗ್ರೀಸು: ಸ್ಪ್ರಿಂಗ್ ಪೂರ್ತಿ ಸುತ್ತಿದೆ, ಗೇರ್ ಬಿಡುತ್ತಿಲ್ಲ, ಎಲ್ಲರೂ ಇನ್ನೂ ತಿರುಗಿಸುತ್ತಾರೆ, ಒಳತುದಿಯ ಕೊಕ್ಕೆ ಕಿತ್ತುಹೋಗುತ್ತದೆ.

ಕೀ ತಿರುಗಿಸುವಾಗ ಕೈಗೆ ಏನು ತಿಳಿಯುತ್ತದೆ ಹೇಳಿ:
ಬಿಗಿ ಏರುತ್ತಾ ಹೋಗಿ ಒಮ್ಮೆಲೇ ಟಪ್ ಎಂದು ಸಡಿಲವಾದರೆ ಸ್ಪ್ರಿಂಗಿನ ಕೊಕ್ಕೆ ಜಾರುತ್ತಿದೆ.
ಬಿಗಿಯೇ ಇಲ್ಲದೆ ತಿರುಗುತ್ತಲೇ ಇದ್ದರೆ ಸ್ಪ್ರಿಂಗ್ ತುಂಡಾಗಿದೆ.
ಬಿಟ್ಟ ಕೂಡಲೇ ಕೀ ಹಿಂದಕ್ಕೆ ತಿರುಗಿದರೆ ತಡೆ ಹಲ್ಲು ಸವೆದಿದೆ, ಆಗ ಬೆರಳು ಜೋಪಾನ.
ಬಿಗಿ ಸರಿಯಾಗಿದ್ದು ಓಟ ಮಾತ್ರ ನಿಂತರೆ ಕೊಳೆ, ಅಥವಾ ಹೊರಗಿನ ಭಾರ.

ಹಳೇಡಬ್ಬಿ
ಬಿಗಿ ಸರಿಯಾಗಿದೆ. ಕೈಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರೆ ಇನ್ನೊಂದು ಸುತ್ತು ಹೋಗುತ್ತದೆ. ಯಾವಾಗಲೂ ಕೋಲು ಕೆಳಗಿದ್ದಾಗಲೇ ನಿಲ್ಲುತ್ತದೆ.

ಸ್ಪ್ರಿಂಗ್‌ಬಾಕ್ಸ್
ಕೋಲು ಕೆಳಗಿದ್ದಾಗ ನಿಂತರೆ ಭಾರದ ತೊಂದರೆ. ಕೊಳೆಯಾಗಿದ್ದರೆ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಕೋಲಿನ ದಪ್ಪ, ಉದ್ದ ಹೇಳಿ. ಅಯಸ್ಕಾಂತಕ್ಕೆ ಅಂಟುತ್ತದೆಯೇ?

ಹಳೇಡಬ್ಬಿ
ಅಂಟುತ್ತದೆ. ದಪ್ಪ 3 ಮಿ.ಮೀ., ಉದ್ದ 8 ಸೆಂ.ಮೀ. ಅಂಗೈಯ ತೂತಿಗೆ ಅಂಟು ಹಾಕಿ ಕೂರಿಸಿದಂತಿದೆ.

ಸ್ಪ್ರಿಂಗ್‌ಬಾಕ್ಸ್
ಸಿಕ್ಕಿತು. 3 ಮಿ.ಮೀ. ಉಕ್ಕಿನ ಕಡ್ಡಿ 8 ಸೆಂ.ಮೀ. ಎಂದರೆ ಸುಮಾರು 4.4 ಗ್ರಾಂ. ಅದೇ ಉದ್ದದ 1 ಮಿ.ಮೀ. ತಂತಿ ಅರ್ಧ ಗ್ರಾಂ. ದಪ್ಪ ಮೂರು ಪಟ್ಟಾದರೆ ತೂಕ ಒಂಬತ್ತು ಪಟ್ಟು. ಆ ಪುಟ್ಟ ಮೋಟಾರು ಸುತ್ತು ಸುತ್ತಿಗೂ ಈ ಗದೆಯನ್ನು ಮೇಲೆತ್ತಬೇಕು. ಈ ಕೋಲು ಮೂಲದ್ದಲ್ಲ, ಅಂಟು ಇರುವುದೂ ಅದನ್ನೇ ಹೇಳುತ್ತದೆ.

ಅಂಟು ಯಾವುದು ಎಂದು ನೋಡಿ. ಮೊದಲು ಹತ್ತಿಕಡ್ಡಿಯಲ್ಲಿ ಬೆಚ್ಚಗಿನ ನೀರು. ಮೆತ್ತಗಾಗದಿದ್ದರೆ ಹೊಸ ಅಂಟು, ಆಗ ಅಸಿಟೋನ್ ಸುರಿಯಬೇಡಿ, ಅಂಗೈಯ ಬಣ್ಣ ಎದ್ದುಬರುತ್ತದೆ. ಸೂಜಿಯ ತುದಿಯಿಂದ ಚೂರು ಚೂರಾಗಿ ಕೆರೆದು ತೆಗೆಯಿರಿ, ಆತುರ ಬೇಡ. ಕೋಲನ್ನು ತಿರುಚಿ ಎಳೆಯಬೇಡಿ, ಅಂಗೈ ಬಾಗುತ್ತದೆ.

ಕೋಲು ಬಂದ ಮೇಲೆ ಎರಡು ಅರ್ಧ ಸುತ್ತು ಕೀ ಕೊಟ್ಟು ನೋಡಿ. ಓಡಿದರೆ ಎಣ್ಣೆ ಬೇಕಿಲ್ಲ. ತುಕ್ಕು ಸಡಿಲಿಸುವ ಸ್ಪ್ರೇ ಯಾವುದೂ ಬೇಡ: ಒಳಗೆ ಹೊಡೆದದ್ದು ಸೀದಾ ಪ್ಯಾಂಟಿಗೆ ಇಳಿಯುತ್ತದೆ, ಫೆಲ್ಟಿನ ಎಣ್ಣೆಕಲೆ ಮತ್ತೆ ಹೋಗುವುದಿಲ್ಲ. ಎಣ್ಣೆ ಬೇಕೇಬೇಕಾದರೆ ಗಡಿಯಾರದ ಎಣ್ಣೆ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು, ಗೇರ್ ತಿರುಗುವ ಅಚ್ಚುಕಡ್ಡಿಗಳ ತುದಿಗೆ ಮಾತ್ರ. ಗೇರಿನ ಹಲ್ಲಿಗೆ ಹಚ್ಚಬೇಡಿ, ಧೂಳು ಹಿಡಿದು ಅರೆಯುತ್ತದೆ.

ಹಳೇಡಬ್ಬಿ
ನೀರಿಗೆ ಬಗ್ಗಲಿಲ್ಲ, ಸೂಜಿಯಲ್ಲೇ ತೆಗೆದೆ. ಕೋಲಿಲ್ಲದೆ ಎಲ್ಲೂ ನಿಲ್ಲದೆ ತಿರುಗುತ್ತಿದೆ, ಬೊಂಬೆ ಮೇಜಿನ ಮೇಲೆ ವೃತ್ತ ಹಾಕಿತು! ನನ್ನ ಸಂಗ್ರಹದ ಪಟ್ಟಿಯಲ್ಲಿ ಈಗ ಏನೆಂದು ಬರೆಯಲಿ?

ತಗಡುಮೇಷ್ಟ್ರು
ಕಂಡದ್ದು ಬೇರೆ, ಊಹಿಸಿದ್ದು ಬೇರೆ ಸಾಲಿನಲ್ಲಿರಲಿ. ಹೀಗೆ ಬರೆಯಿರಿ: "ಚಾರ್ಲಿ ಚಾಪ್ಲಿನ್, ಕೀ ಬೊಂಬೆ, 16.5 ಸೆಂ.ಮೀ., ತಗಡು ಮತ್ತು ಬಟ್ಟೆ, ನಡುಕದ ಯಂತ್ರ, ಬಲಗೈ ತಿರುಗುತ್ತದೆ. ಬೆನ್ನಿನ ಲೋಹದಲ್ಲಿ ಅಸ್ಪಷ್ಟ ಅಚ್ಚು, ಜರ್ಮನಿ ಎಂದು ಓದಬಹುದು. ರಚನೆಯಿಂದ ಶೂಕೊ ತಯಾರಿಕೆ ಎಂದು ಊಹೆ, ಎರಡು ಮಹಾಯುದ್ಧಗಳ ನಡುವಿನ ಕಾಲ. ಕೋಟು ಬದಲಿ, ಕೃತಕ ನಾರು. ಕೋಲು ಬದಲಿ, ತೆಗೆದಿದೆ. ಟೋಪಿಯ ಅಂಚಿನಲ್ಲಿ ಬಣ್ಣ ತಿದ್ದಿದ ಗುರುತು. ಕೀ ಹೊಂದುತ್ತದೆ, ಶೂಕೊ ಹೆಸರಿದೆ, ಇದರದ್ದೇ ಎಂಬುದಕ್ಕೆ ಪುರಾವೆ ಇಲ್ಲ."

'ಅಪರೂಪ', 'ಮೂಲ ಸ್ಥಿತಿ' ಎಂಬ ಪದ ಸೇರಿಸಬೇಡಿ. ಕೋಟು ಬದಲಿ ಎಂದು ತಿಳಿದ ಮೇಲೆ 'ಮೂಲ ಸ್ಥಿತಿ' ಎಂದರೆ ಸುಳ್ಳಾಗುತ್ತದೆ.

ಕೀಲುಬೊಂಬೆ
ಹೊಸ ಕೋಲು ಮಾಡುವುದಾದರೆ 1 ಮಿ.ಮೀ. ತಂತಿ, ತುದಿ ಬಗ್ಗಿಸಿ ಹಿಡಿಕೆ. ಅಂಟು ಬೇಡ. ಅಂಗೈ ತೂತಿನಲ್ಲಿ ಸಡಿಲವಾದರೆ ತಂತಿಗೆ ಹತ್ತಿ ದಾರ ನಾಲ್ಕು ಸುತ್ತು ಸುತ್ತಿ ತೂರಿಸಿ, ಬೇಕೆಂದಾಗ ಎಳೆದರೆ ಬರಬೇಕು. ತೆಗೆದ 3 ಮಿ.ಮೀ. ಕಡ್ಡಿಯನ್ನೂ ಚೀಟಿ ಅಂಟಿಸಿ ಡಬ್ಬಿಯಲ್ಲೇ ಇಡಿ.

ಹಳೇಡಬ್ಬಿ
ಕೋಟು ತೆಗೆಯಲೇ?

ನೂಲಿನುಂಡೆ
ಬೇಡ, ಇರಲಿ. ಬದಲಿ ಎಂದು ಪಟ್ಟಿಯಲ್ಲಿ ಬರೆದಾಯಿತು. ಕೋಟಿಲ್ಲದಿದ್ದರೆ ಗೇರ್‌ಗೆ ಧೂಳು ಸೀದಾ ಹೋಗುತ್ತದೆ. ಪ್ಯಾಂಟಿನ ನುಸಿ ಇನ್ನೂ ಜೀವಂತವಿದೆಯೇ ನೋಡುವುದು ಅದಕ್ಕಿಂತ ತುರ್ತು: ಬಿಳಿ ಕಾಗದದ ಮೇಲೆ ಎರಡು ವಾರ ನಿಲ್ಲಿಸಿಡಿ, ಮರಳಿನಂಥ ಹಿಕ್ಕೆ ಬಿದ್ದರೆ ಇಲ್ಲಿ ಬಂದು ಹೇಳಿ. ಅಲ್ಲಿಯವರೆಗೆ ಬೇರೆ ಬಟ್ಟೆ ಬೊಂಬೆಗಳ ಪಕ್ಕ ಇಡಬೇಡಿ.